ಖಾಲಿ ಟ್ಯೂಬಿನ ತೂಕ

ಏನೂ ಹಾಕದ ಟ್ಯೂಬಿನಿಂದಲೂ ಪ್ಲಾಸ್ಟಿಕ್ ಬಂದಿತ್ತು. ಅಂಗೈಯಗಲದ ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅವಳು ಒಮ್ಮೆ ಹೀಗೆ, ಒಮ್ಮೆ ಹಾಗೆ ವಾಲಿಸಿ ನೋಡಿದಳು. ತಳದಲ್ಲಿ, ಆರಿದ ಹಾಲಿನ ಮೇಲೆ ಕಟ್ಟುವ ಕೆನೆಯಷ್ಟು ತೆಳ್ಳಗೆ, ಒಂದು ಪೊರೆ. ಇರಲೇಬಾರದ ಪೊರೆ ಯಾವ ನಾಚಿಕೆಯೂ ಇಲ್ಲದೆ ಹೊಳೆಯುತ್ತಿತ್ತು. ನಿನ್ನೆ ಟ್ಯೂಬುಗಳಿಗೆ ಬ್ಯಾಕ್ಟೀರಿಯಾದ ಒಣಪುಡಿ ಹಾಕುವಾಗ ಅವಳ ಮನಸ್ಸೆಲ್ಲ ಕಿತ್ತುಹೋದ ಚಪ್ಪಲಿಯ ಮೇಲಿತ್ತು. ಬಸ್ ಸ್ಟಾಪಿನವರೆಗೆ ಎಡಗಾಲು ಎಳೆದುಕೊಂಡು ಹೇಗೆ ಹೋಗುವುದು, ನೋಡಿದವರು ಏನಂದುಕೊಳ್ಳುತ್ತಾರೆ ಎಂದು ಯೋಚಿಸುತ್ತ ಕೊನೆಯ ಟ್ಯೂಬನ್ನು ಬಿಟ್ಟೇಬಿಟ್ಟಿದ್ದಳು. ಅದಕ್ಕೆಂದು ತೂಗಿಟ್ಟ ಪುಡಿ ಕಾಗದದ ದೋಣಿಯಲ್ಲಿ ಇವತ್ತು ಬೆಳಿಗ್ಗೆಯೂ ಹಾಗೇ ಕೂತಿತ್ತು. ಅಂದರೆ ಆ ಟ್ಯೂಬಿನಲ್ಲಿ ಇದ್ದದ್ದು ಬರೀ ಕ್ಲೋರೋಫಾರ್ಮ್. ಬಿಸಿಯಾದದ್ದೂ ಅದೇ, ತಟ್ಟೆಗೆ ಬಿದ್ದು ಬೆಳಗಾಗುವುದರೊಳಗೆ ಆರಿದ್ದೂ ಅದೇ. ತಟ್ಟೆಯನ್ನು ತಕ್ಕಡಿಯ ಮೇಲಿಟ್ಟಳು. ಅಂಕಿಗಳು ಸ್ವಲ್ಪ ಹೊತ್ತು ಕುಣಿದಾಡಿ ನಿಂತವು. ಪೊರೆಗೆ ತೂಕವೂ ಇತ್ತು, ಆ ತೂಕ ಸಣ್ಣದೇನೂ ಆಗಿರಲಿಲ್ಲ.

ಅವಳ ಕೆಲಸವನ್ನು ಹೊರಗಿನವರಿಗೆ ಹೇಳುವುದು ಸುಲಭ, ನಂಬಿಸುವುದು ಕಷ್ಟ. ಕೆಲವು ಬ್ಯಾಕ್ಟೀರಿಯಾಗಳಿಗೆ ಸಕ್ಕರೆಯನ್ನು ಧಾರಾಳವಾಗಿ ಕೊಟ್ಟು ಬೇರೆಯದಕ್ಕೆಲ್ಲ ಕೈ ಬಿಗಿಹಿಡಿದರೆ, ಅವು ಮುಂದೆ ಏನು ಗತಿಯೋ ಎಂದು ಹೆದರಿ ಹೊಟ್ಟೆಯೊಳಗೆ ಪ್ಲಾಸ್ಟಿಕ್ಕಿನ ಕಾಳು ಕೂಡಿಡುತ್ತವೆ. ಆ ಪ್ಲಾಸ್ಟಿಕ್ಕಿನಿಂದ ಚೀಲ ಮಾಡಬಹುದು, ಚೀಲ ಹಳತಾದರೆ ಮಣ್ಣಿಗೆ ಹಾಕಬಹುದು, ಮಣ್ಣು ಅದನ್ನು ತಿಂದು ಮುಗಿಸುತ್ತದೆ. ಅಮ್ಮ ಇದನ್ನು ಪಕ್ಕದ ಮನೆಯಾಕೆಗೆ ಹೇಳಿದಾಗ ಆಕೆ, ಇರುವ ಪ್ಲಾಸ್ಟಿಕ್ಕಿಗೇ ಮೋರಿ ಕಟ್ಟಿಕೊಂಡಿದೆ, ನಿಮ್ಮ ಮಗಳು ಇನ್ನಷ್ಟು ಮಾಡುತ್ತಿದ್ದಾಳಾ ಅಂದಿದ್ದಳಂತೆ. ಕೆಂಪು ಬಣ್ಣವೊಂದನ್ನು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಕಾಳುಗಳು ಮಿನುಗುತ್ತವೆ. ಅವಳು ಮೊದಲ ಸಲ ನೋಡಿದಾಗ ಖುಷಿಗೆ ಊಟ ಮರೆತಿದ್ದಳು. ಆದರೆ ಇದೆ ಎಂದು ಹೇಳುವುದಷ್ಟೇ ಬಣ್ಣದ ಕೆಲಸ, ಎಷ್ಟಿದೆ ಎಂದು ಹೇಳಬೇಕಾದದ್ದು ತಕ್ಕಡಿ. ಪುಡಿಯನ್ನು ಕ್ಲೋರೋಫಾರ್ಮಿನಲ್ಲಿ ಕಾಯಿಸಿದರೆ ಒಳಗಿನ ಪ್ಲಾಸ್ಟಿಕ್ ಕರಗಿ ಬರುತ್ತದೆ, ಸೋಸಿ ಆರಿಸಿದರೆ ಪೊರೆಯಾಗುತ್ತದೆ, ಪೊರೆಯನ್ನು ತೂಗಬೇಕು. ಹಾಗೆ ತೂಗಿದಾಗ ಅವಳ ಬ್ಯಾಕ್ಟೀರಿಯಾದಲ್ಲಿ ನೂರಕ್ಕೆ ಎಪ್ಪತ್ತೆರಡು ಪಾಲು ಪ್ಲಾಸ್ಟಿಕ್ ಸಿಕ್ಕಿತ್ತು. ಆವತ್ತಿನಿಂದ ಅವಳ ಹೆಸರು ಯಾರಿಗೂ ಬೇಕಾಗಲಿಲ್ಲ. ಎಪ್ಪತ್ತೆರಡು ಬಂದಳಾ, ಎಪ್ಪತ್ತೆರಡರ ಊಟ ಆಯ್ತಾ, ಎಪ್ಪತ್ತೆರಡನ್ನು ಮೇಷ್ಟ್ರು ಕರೀತಿದ್ದಾರೆ. ಹಾಗೆ ಕರೆದಾಗೆಲ್ಲ ಅವಳು ಹುಬ್ಬು ಗಂಟಿಕ್ಕುತ್ತಿದ್ದಳು, ಒಳಗೊಳಗೇ ಹಿಗ್ಗುತ್ತಿದ್ದಳು.

ಟ್ಯೂಬೇ ಕರಗಿತ್ತು. ಇನ್ನೇನು ಇರಲು ಸಾಧ್ಯ? ಬ್ಯಾಕ್ಟೀರಿಯಾ ಮಾಡಿದ ಪ್ಲಾಸ್ಟಿಕ್ ಯಾವುದು, ಕಾರ್ಖಾನೆಯಿಂದ ಬಂದ ಟ್ಯೂಬಿನ ಪ್ಲಾಸ್ಟಿಕ್ ಯಾವುದು ಎಂದು ಕ್ಲೋರೋಫಾರ್ಮ್ ಭೇದ ಮಾಡುವುದಿಲ್ಲ, ತಕ್ಕಡಿಯೂ ಮಾಡುವುದಿಲ್ಲ. ಈ ಕೆಲಸವನ್ನು ಗಾಜಿನಲ್ಲೇ ಮಾಡಬೇಕು ಎಂಬುದು ಅವಳಿಗೆ ತಿಳಿಯದ ಶಾಸ್ತ್ರವೇನಲ್ಲ. ಮೊದಲ ವರ್ಷ ಗಾಜಿನ ಬಾಟಲಿಯಲ್ಲೇ ಮಾಡಿದ್ದಳು, ಸಾಲಾಗಿ ಒಡೆದಿದ್ದಳು. ಒಡೆದಾಗೆಲ್ಲ ಚೂರುಗಳನ್ನು ಟ್ರೇಯಲ್ಲಿ ಹಾಕಿಕೊಂಡು ಸ್ಟೋರಿಗೆ ಹೋಗಿ ತೋರಿಸಬೇಕು. ಸ್ಟೋರಿನಾಕೆ ಕನ್ನಡಕ ಏರಿಸಿ ಚೂರುಗಳನ್ನು ಎಣಿಸುವವಳಂತೆ ನೋಡಿ, ಸಾಲಿನಲ್ಲಿ ನಿಂತ ಉಳಿದವರಿಗೆ ಕೇಳುವ ಹಾಗೆ, ನಿಮ್ಮ ಮನೇಲಿ ಸ್ಟೀಲ್ ಲೋಟದಲ್ಲೇ ಟೀ ಕೊಡ್ತಾರಾ ಅನ್ನುತ್ತಿದ್ದಳು. ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು, ಆಮೇಲೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದಳು. ಪ್ಲಾಸ್ಟಿಕ್ ಟ್ಯೂಬು ಕೈಜಾರಿದರೂ ಪುಟಿದು ಕಾಲಬುಡಕ್ಕೇ ಬರುತ್ತದೆ, ಯಾರಿಗೂ ತೋರಿಸಬೇಕಾಗಿಲ್ಲ. ಸ್ವಲ್ಪ ಹೊತ್ತು ತಾಳಿಕೊಳ್ಳುತ್ತದೆ ಎಂದು ಪೊಟ್ಟಣದ ಮೇಲೆ ಬರೆದೂ ಇತ್ತು. ಎಷ್ಟು ಬಿಸಿಗೆ, ಎಷ್ಟು ಹೊತ್ತು ಎಂದು ಅವಳು ಮುಂದೆ ಓದಲಿಲ್ಲ. ಯಾವ ಪಾತ್ರೆಯಲ್ಲಿ ಮಾಡಿದೆ ಎಂದು ಲ್ಯಾಬ್ ನಡೆಸುವ ಮೇಷ್ಟ್ರು ಕೇಳಲಿಲ್ಲ, ಅವಳು ಹೇಳಲಿಲ್ಲ.

"ಎಪ್ಪತ್ತೆರಡು, ಸ್ವಲ್ಪ ಕೈ ಕೊಡ್ತೀಯಾ?"

ಬೆನ್ನ ಹಿಂದೆಯೇ ದನಿ ಕೇಳಿ ಅವಳ ಕೈ ತನ್ನಷ್ಟಕ್ಕೆ ತಟ್ಟೆಯ ಮೇಲೆ ಕರವಸ್ತ್ರ ಎಳೆಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಅಂತ ಯಾರೂ ಅಂದೇ ಇರಲಿಲ್ಲ. ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ನಿಂತಿದ್ದವನು ಉದ್ದಣ್ಣ. ಅವಳಿಗಿಂತ ಎರಡು ವರ್ಷ ಮೊದಲು ಸೇರಿದವನು, ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡೂ ಬಡಿಸಿಕೊಂಡೂ ಬಗ್ಗುವುದನ್ನು ಕಲಿತವನು. ಒಂದು ಫ್ರೀಜರ್ ಕೆಟ್ಟಿದೆ, ಇರುವ ಒಂದರಲ್ಲೇ ಎಲ್ಲರೂ ಜಾಗ ಮಾಡಿಕೊಳ್ಳಬೇಕು, ಗೆದ್ದವರು ಇರಲಿ ಸೋತವರು ಹೊರಡಲಿ ಎಂದು ಮೇಷ್ಟ್ರ ಅಪ್ಪಣೆಯಾಗಿದೆ, ತನ್ನ ಸಂಸಾರವನ್ನು ಇವತ್ತು ಮಧ್ಯಾಹ್ನ ಬೀಳ್ಕೊಡುತ್ತಿದ್ದೇನೆ ಎಂದು ಅವನು ನಗುತ್ತಲೇ ಹೇಳಿದ. ಸಂಸಾರ ಎಂದರೆ ಎಂಟು ಪುಟ್ಟ ಟ್ಯೂಬುಗಳು. ಒಂದೇ ಕೊಳಚೆ ಗುಂಡಿಯಿಂದ ಹಿಡಿದುತಂದ ಎಂಟು ಬ್ಯಾಕ್ಟೀರಿಯಾಗಳು. ಒಂದೇ ಗುಂಡಿಯವು ಆದ್ದರಿಂದ ನೆಂಟರೇ ಇರಬೇಕೆಂದು ಅಜ್ಜಿ, ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಭಾವ, ಅತ್ತಿಗೆ, ನಾದಿನಿ, ಷಡ್ಡಕ ಎಂದು ಹೆಸರು ಬರೆದು ಅಂಟಿಸಿದ್ದ. ಎಂಟರಲ್ಲಿ ಅತ್ತಿಗೆಯದೇ ಮೇಲುಗೈ, ನೂರಕ್ಕೆ ಐವತ್ತೊಂದು. ಎಪ್ಪತ್ತೆರಡರ ಮುಂದೆ ಐವತ್ತೊಂದು ಎಲ್ಲಿಯ ಲೆಕ್ಕ?

ಫ್ರೀಜರ್ ತೆರೆದಾಗ ಬಿಳಿ ಹಬೆ ಇಬ್ಬರ ಕಾಲ ಮೇಲೂ ಇಳಿಯಿತು. ದಪ್ಪ ಕೈಗವಸು ತೊಟ್ಟು ಅವಳು ಡಬ್ಬಿ ಹಿಡಿದಳು, ಅವನು ಮಂಜು ಉಜ್ಜಿ ಹೆಸರು ಓದಿ ಒಂದೊಂದನ್ನೇ ಚೀಲಕ್ಕೆ ಹಾಕುತ್ತ ಹೋದ. ಅಜ್ಜಿಯದು ಏನಿದ್ದರೂ ನಿಧಾನ, ಷಡ್ಡಕ ಬರೀ ತಿಂದ, ಏನೂ ಕೂಡಿಡಲಿಲ್ಲ. ಅವನ ಮಾತಿಗೆ ಅವಳು ನಗಬೇಕಾದಲ್ಲೆಲ್ಲ ನಕ್ಕಳು. ಇವನು ಮಾತ್ರ ಎಲ್ಲವನ್ನೂ ಗಾಜಿನಲ್ಲೇ ಮಾಡಿದವನು. ಪ್ರತಿ ಬಾಟಲಿಯನ್ನೂ ಬಿಸಿ ಕ್ಲೋರೋಫಾರ್ಮಿನಲ್ಲಿ ತೊಳೆದು, ಖಾಲಿ ಬಾಟಲಿಯನ್ನೂ ಒಮ್ಮೆ ಅಳೆದು ನೋಡುತ್ತಿದ್ದ. ಏನೂ ಇಲ್ಲದ್ದನ್ನು ಅಳೆಯುವ ಮಡಿವಂತ ಎಂದು ಎಲ್ಲರೂ ಗೇಲಿ ಮಾಡುತ್ತಿದ್ದರು. ಏನೂ ಇಲ್ಲದ್ದಕ್ಕೆ ಎಂಥ ತೂಕ ಉದ್ದಣ್ಣ, ಎಂದು ಮೊದಲು ಕೇಳಿದವಳು ಅವಳೇ. ಎರಡು ಅಂಕಿಗಳನ್ನೂ ಮೇಷ್ಟ್ರು ಬೋರ್ಡಿನ ಮೇಲೆ ಪಕ್ಕಪಕ್ಕದಲ್ಲಿ ಬರೆದ ದಿನ ಅವನು ಚಪ್ಪಾಳೆ ತಟ್ಟಿದ್ದ, ಉದ್ದ ಕೈಗಳ ದೊಡ್ಡ ಚಪ್ಪಾಳೆ. ಮರುದಿನದಿಂದ ತನ್ನ ಕೆಲಸ ಬದಿಗಿಟ್ಟು ಅವಳ ಬ್ಯಾಕ್ಟೀರಿಯಾಕ್ಕೆ ಸಕ್ಕರೆನೀರು ಕಲಸತೊಡಗಿದ್ದ. ಈಗ ಹೇಳಿಬಿಡು ಎಂದು ಮನಸ್ಸು ಹೇಳಿತು. ಬಾಯಿ ತೆರೆದರೆ ಹೊರಬಂದದ್ದು, ಒಂದಾದರೂ ಇಟ್ಟುಕೊಳ್ಳಬಾರದೇ ಎಂಬ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಅವನು ಅತ್ತಿಗೆಯನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ, ಒಬ್ಬಳನ್ನೇ ಬಿಟ್ಟು ಹೋದರೆ ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ಚೀಲಕ್ಕೆ ಹಾಕಿದ. ಊಟ ಮುಗಿಸಿ ಆಟೋಕ್ಲೇವಿಗೆ ಇಡುತ್ತೇನೆ ಅಂದ.

ಆಟೋಕ್ಲೇವ್ ಅಂದರೆ ಸೊಂಟದೆತ್ತರದ ಪ್ರೆಷರ್ ಕುಕ್ಕರ್. ಅದರೊಳಗೆ ಒಮ್ಮೆ ಹಬೆ ಕೂತರೆ ಯಾವ ಜೀವವೂ ಉಳಿಯುವುದಿಲ್ಲ. ಊಟಕ್ಕೆ ಇನ್ನೂ ಹೊತ್ತಿತ್ತು. ಅವಳು ತನ್ನೊಡನೆ ತಾನೇ ವಾದಕ್ಕೆ ನಿಂತಳು. ಒಂದೇ ಒಂದು ಅಳತೆ ನಂಬಿ ಕೂಗಾಡುವುದು ವಿಜ್ಞಾನವೇ? ಮೊದಲು ಗಾಜಿನಲ್ಲಿ ಇನ್ನೊಮ್ಮೆ ಮಾಡಬೇಕು, ಖಾತ್ರಿಯಾದ ಮೇಲೆ ಹೇಳಬೇಕು, ಅದೇ ಸರಿಯಾದ ಕ್ರಮ. ಕ್ರಮ ಎಂಬ ಮಾತು ಅವಳಿಗೆ ಬಹಳ ಸಮಾಧಾನ ಕೊಟ್ಟಿತು. ಸ್ಟೋರಿಗೆ ಹೋಗಿ ಗಾಜಿನ ಬಾಟಲಿ ಕೇಳಿದಳು. ಸ್ಟೋರಿನಾಕೆ ಕನ್ನಡಕ ಏರಿಸಿದಳು. ಏನಮ್ಮಾ, ಕೈ ನೆಟ್ಟಗಾಯ್ತಾ ಎಂದು ಕೇಳಿದಳು. ಇವತ್ತು ಆ ಮಾತು ಅವಳಿಗೆ ತಾಕಲೇ ಇಲ್ಲ. ಪುಡಿ ತೂಗಿ, ಕ್ಲೋರೋಫಾರ್ಮ್ ಸುರಿದು, ಬಾಟಲಿಗಳನ್ನು ಬಿಸಿನೀರಿನಲ್ಲಿ ನಿಲ್ಲಿಸಿದಾಗ ಪಾಪ ಪರಿಹಾರವಾದವಳಂತೆ ಉಸಿರು ಬಿಟ್ಟಳು. ಇದು ಕರಗಿ, ಸೋಸಿ, ಆರಿ, ತೂಕಕ್ಕೆ ಬರುವುದು ನಾಳೆ ಬೆಳಿಗ್ಗೆ ಎಂಬುದು ಅವಳಿಗೆ ಗೊತ್ತಿತ್ತು. ಆಟೋಕ್ಲೇವ್ ಇವತ್ತು ಮಧ್ಯಾಹ್ನ ಎಂಬುದೂ ಗೊತ್ತಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇಲ್ಲಿ ಹಾವು ಯಾವುದು, ಕೋಲು ಯಾವುದು ಎಂದು ಮಾತ್ರ ಅವಳು ಕೇಳಿಕೊಳ್ಳಲಿಲ್ಲ.

ಡಬ್ಬಿಯ ಮುಚ್ಚಳ ತೆಗೆದು ಎರಡು ತುತ್ತು ತಿನ್ನುವುದರೊಳಗೆ ಅಮ್ಮನ ಫೋನು ಬಂತು. ಚಪ್ಪಲಿ ಹೊಲಿಸಿಟ್ಟಿದ್ದೇನೆ, ನಿನ್ನೆ ತಗೊಂಡ ಹೊಸದನ್ನು ಒಳ್ಳೆಯದಕ್ಕೆ ಇಡು ಎಂದು ಶುರುಮಾಡಿ, ಪಕ್ಕದ ಮನೆಯಾಕೆಯ ಸೊಸೆ ಏನೋ ಪರೀಕ್ಷೆಯಲ್ಲಿ ಅರವತ್ತೆಂಟು ತೆಗೆದಿದ್ದಾಳೆಂದು ಆಕೆ ಬೆಳಿಗ್ಗೆಯಿಂದ ಕಾಂಪೌಂಡಿನ ಮೇಲೆ ಕೂತು ಹೇಳುತ್ತಿದ್ದಾಳೆ, ನಿಂದು ಎಷ್ಟು ಅಂದಿದ್ದೆ ಮರೆತುಹೋಯಿತು, ಎಪ್ಪತ್ತರ ಮೇಲಲ್ಲವಾ ಎಂದು ಕೇಳಿದರು. ಅದೂ ಇದೂ ಒಂದೇ ಅಲ್ಲಮ್ಮ ಅಂದಳು. ಒಂದೇ ಅಲ್ಲದಿದ್ದರೆ ಬಿಡು, ಹೆಚ್ಚು ಯಾವುದು ಹೇಳು ಅಂದರು ಅಮ್ಮ. ಎಪ್ಪತ್ತೆರಡು ಎಂದು ಅವಳ ಬಾಯಿ ತಾನಾಗಿ ಹೇಳಿತು. ಫೋನಿಟ್ಟು ಡಬ್ಬಿಯ ಮುಚ್ಚಳ ಮುಚ್ಚಿದಳು. ಅಪ್ಪ ಹೋದ ಮೇಲೆ ಅಮ್ಮ ಜೋರಾಗಿ ಹೇಳಿಕೊಳ್ಳಲು ಶುರುಮಾಡಿದ್ದು ಇದೊಂದನ್ನೇ. ಆ ಅಂಕಿ ಇಲ್ಲದೆ ತಾನು ಏನು, ಬಾಟಲಿ ಒಡೆಯುವವಳು ಅಷ್ಟೇ ತಾನೇ ಎಂದು ಅನಿಸಿ ಅವಳಿಗೆ ತನ್ನ ಮೇಲೆ ತನಗೇ ಅಯ್ಯೋ ಅನಿಸಿತು. ಮರುಕ್ಷಣ ಆ ಅಯ್ಯೋ ಅನಿಸಿದ್ದಕ್ಕೆ ಅಸಹ್ಯವೂ ಆಯಿತು.

ಎದ್ದು ಸೀದಾ ಮೇಷ್ಟ್ರ ಕೋಣೆಗೆ ಹೋದಳು. ಕಾಲಿನ ವೇಗ ಕಂಡರೆ ಇವತ್ತು ಹೇಳಿಯೇ ತೀರುತ್ತಾಳೆ ಎನ್ನಬೇಕು. ಮೇಷ್ಟ್ರು ಕಂಪ್ಯೂಟರಿನ ಮುಂದೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಮುಂದಿನ ವಾರದ ಭಾಷಣಕ್ಕೆ ಚಿತ್ರ ಬಿಡಿಸುತ್ತಿದ್ದರು. ಉದ್ದುದ್ದ ಕಂಬಗಳ ಚಿತ್ರ. ಊರಿನ ಎಲ್ಲರ ಬ್ಯಾಕ್ಟೀರಿಯಾಗಳೂ ಬೂದುಬಣ್ಣದ ಗಿಡ್ಡ ಕಂಬಗಳಾಗಿ ನಿಂತಿದ್ದವು, ಅವಳದೊಂದು ಮಾತ್ರ ಎತ್ತರಕ್ಕೆ. ಅದಕ್ಕೆ ಹಸಿರು ಚೆನ್ನಾಗಿರುತ್ತದೋ ಕೇಸರಿಯೋ ಎಂದು ಮೇಷ್ಟ್ರು ಸಣ್ಣ ಮಗುವಿನ ಉತ್ಸಾಹದಲ್ಲಿ ಕೇಳಿದರು. ಹಸಿರು ಸರ್ ಅಂದಳು. ಹಸಿರು ಹಾಕಿದರು, ಹಿಂದೆ ಸರಿದು ನೋಡಿದರು, ನಿವೃತ್ತಿಗೆ ಮುಂಚೆ ಇಂಥದ್ದೊಂದು ಕಂಬ ನಿಲ್ಲಿಸಿದೆಯಲ್ಲ ತಾಯಿ ಅಂದರು. ಸರ್, ಒಂದು ಮಾತು ಎಂದು ಅವಳು ಶುರುಮಾಡಿದಳು. ಅವರು ಪೂರ್ತಿ ಅವಳ ಕಡೆ ತಿರುಗಿದರು. ಒಳ್ಳೆಯ ಮನುಷ್ಯರು ಹಾಗೆ ಪೂರ್ತಿ ತಿರುಗಬಾರದು, ಎದುರಿಗಿದ್ದವರಿಗೆ ಕಷ್ಟವಾಗುತ್ತದೆ. ತಕ್ಕಡಿ ಒರೆಸುವ ಬ್ರಶ್ ಸವೆದುಹೋಗಿದೆ ಸರ್, ಹೊಸದು ಬೇಕಿತ್ತು ಅಂದಳು. ಎರಡು ತರಿಸಿಕೋ ಎಂದು ಮೇಷ್ಟ್ರು ಉದಾರವಾಗಿ ಹೇಳಿ ಮತ್ತೆ ಕಂಬದ ಕಡೆ ತಿರುಗಿದರು.

ಹೊರಬಂದು ಮೆಟ್ಟಿಲ ಹತ್ತಿರ ನಿಂತಾಗ ಅವಳಿಗೆ ಕೇಳಿಸಿತು, ಕೆಳಗಿನ ಕೋಣೆಯಲ್ಲಿ ನೀರು ಕಾಯುವ ಗುಂಯ್ ಎಂಬ ಸದ್ದು. ಅಲ್ಲಿಂದ ಕೆಳಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಹೊಸ ಚಪ್ಪಲಿ ಒಂದು ಮೆಟ್ಟಿಲ ಮೇಲೆಯೇ ಉಳಿಯಿತು. ಉದ್ದಣ್ಣ ಮುಚ್ಚಳದ ತಿರುಪುಗಳನ್ನೆಲ್ಲ ಬಿಗಿದು, ಪಕ್ಕದ ಸ್ಟೂಲಿನ ಮೇಲೆ ಮೊಣಕಾಲು ಮಡಿಸಿ ಕೂತು ಶಿಳ್ಳೆ ಹಾಕುತ್ತಿದ್ದ. ಅವಳನ್ನು ಕಂಡು ಶಿಳ್ಳೆ ನಿಲ್ಲಿಸಿದ.

"ಆಫ್ ಮಾಡಿ."

"ಯಾಕೆ, ಏನಾಯ್ತು?"

"ನನ್ನ ಎಪ್ಪತ್ತೆರಡರಲ್ಲಿ ಟ್ಯೂಬೂ ಸೇರಿದೆ. ನಾನು ಗಾಜಿನಲ್ಲಿ ಮಾಡ್ಲಿಲ್ಲ."

ಇಡೀ ಕಟ್ಟಡದಲ್ಲಿ ಈ ಮಾತು ಇನ್ಯಾರಿಗೆ ಹೇಳಿದ್ದರೂ ಅರ್ಥ ಬಿಡಿಸಬೇಕಾಗುತ್ತಿತ್ತು. ಅವನಿಗೆ ಬೇಕಾಗಲಿಲ್ಲ. ಉದ್ದ ಕೈ ಚಾಚಿ ಗೋಡೆಯ ಸ್ವಿಚ್ ಆರಿಸಿದ, ಅದೇ ಕೈಯಿಂದ ತಿರುಪು ಬಿಚ್ಚತೊಡಗಿದ. ಅವಳೂ ಎದುರು ಕಡೆಯಿಂದ ಬಿಚ್ಚಿದಳು, ಬೆರಳು ಸುಟ್ಟಿತು, ಬಿಡಲಿಲ್ಲ. ಒತ್ತಡ ಇನ್ನೂ ಏರಿರಲಿಲ್ಲ, ಆದರೆ ಮುಚ್ಚಳ ಎತ್ತಿದಾಗ ಹಬೆ ಮುಖಕ್ಕೆ ರಾಚಿತು. ಚೀಲ ಮೆತ್ತಗಾಗಿತ್ತು. ಅಂಚಿನ ಟ್ಯೂಬುಗಳು ಮುಟ್ಟಲಾಗದಷ್ಟು ಬಿಸಿ, ಒಳಗಿನವೂ ಬಿಸಿಯೇ, ನಟ್ಟನಡುವಿನ ಒಂದೆರಡು ಮಾತ್ರ ಉಗುರುಬೆಚ್ಚಗಿದ್ದವು. ಅವನು ಮಾತಾಡದೆ ಎಲ್ಲವನ್ನೂ ಐಸಿನಲ್ಲಿ ನಿಲ್ಲಿಸಿ ಮೇಲಕ್ಕೆ ಓಡಿದ. ಇಬ್ಬರೂ ಕೂತು ಒಂದೊಂದರಿಂದ ಒಂದೊಂದು ಹನಿ ತೆಗೆದು ಬ್ಯಾಕ್ಟೀರಿಯಾದ ಆಹಾರ ಹಾಕಿದ ತಟ್ಟೆಗಳಲ್ಲಿ ಗೆರೆ ಎಳೆದು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟರು. ಬದುಕಿದ್ದರೆ ಬೆಳೆಯುತ್ತವೆ, ಇಲ್ಲದಿದ್ದರೆ ಇಲ್ಲ. ಆಮೇಲೆ ಇಬ್ಬರೂ ಒಟ್ಟಿಗೇ ಮೇಷ್ಟ್ರ ಕೋಣೆಗೆ ಹೋದರು. ಕೇಳಿದ ಮೇಲೆ ಮೇಷ್ಟ್ರು ಹಸಿರು ಕಂಬವನ್ನು ಅಳಿಸಿದರು. ಕೊನೆಗೆ, ಸದ್ಯ, ಭಾಷಣ ಇನ್ನೂ ಆಗಿಲ್ಲ ಎಂದಷ್ಟೇ ಹೇಳಿ ಕಂಪ್ಯೂಟರ್ ಮುಚ್ಚಿದರು.

ಮರುದಿನ ಗಾಜಿನ ಬಾಟಲಿಯ ಪೊರೆ ಆರಿ ತೂಕಕ್ಕೆ ಬಂತು. ನೂರಕ್ಕೆ ಮೂವತ್ತೊಂಬತ್ತು. ಅವಳು ಅಳುತ್ತೇನೆ ಅಂದುಕೊಂಡಿದ್ದಳು, ಅಳು ಬರಲಿಲ್ಲ. ಬಿಗಿ ಬೂಟು ಕಳಚಿ ಕಾಲು ಚಾಚಿದಂತೆ ಇತ್ತು. ಅದಕ್ಕಿಂತ ವಿಚಿತ್ರವಾದದ್ದು ಮಧ್ಯಾಹ್ನ ಟೀ ಹೊತ್ತಿನಲ್ಲಿ ಆಯಿತು. ಒಂದು ರಾತ್ರಿ ಕಳೆಯುವುದರೊಳಗೆ ಮೇಷ್ಟ್ರು ಚೇತರಿಸಿಕೊಂಡಿದ್ದರು. ಎಲ್ಲರ ಮುಂದೆ ಲೋಟ ಕೆಳಗಿಟ್ಟು, ಅಂಕಿ ಇಳಿಯಬಹುದು, ಏರಬಹುದು, ಆದರೆ ತಪ್ಪು ಗೊತ್ತಾದ ಕೂಡಲೇ ಬರಿಗಾಲಲ್ಲಿ ಓಡಿಹೋಗಿ ಇನ್ನೊಬ್ಬರ ಕೆಲಸ ಉಳಿಸಿದಳಲ್ಲ, ಅದನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ ಎಂದರು. ಎಲ್ಲರೂ ಅವಳ ಕಡೆ ನೋಡಿದರು. ಸ್ಟೋರಿನಾಕೆ ಕೂಡ, ಟೀಗೆ ಬಂದವಳು, ಬೇಷ್ ಎಂಬಂತೆ ತಲೆದೂಗಿದಳು. ಗೊತ್ತಾದ ಕೂಡಲೇ. ಆ ಮಾತು ಅವಳ ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಸಂಜೆ ಬಸ್ಸಿನಲ್ಲಿ ಅದನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ಹೇಳಿಕೊಂಡಳು. ಮನೆ ಮುಟ್ಟುವ ಹೊತ್ತಿಗೆ ಮೆಟ್ಟಿಲಿಳಿದು ಓಡಿದ್ದು ಮಾತ್ರ ನೆನಪಿತ್ತು, ಫ್ರೀಜರಿನ ಮುಂದೆ ಡಬ್ಬಿ ಹಿಡಿದು ನಿಂತದ್ದು ಯಾರದೋ ಕಥೆಯಂತೆ ಕಾಣುತ್ತಿತ್ತು.

ಅದರ ಮಾರನೆಯ ದಿನ ಉದ್ದಣ್ಣ ಅವಳನ್ನು ಕರೆದ. ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆರೆದು ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ತೋರಿಸಿದ. ನಾದಿನಿಯ ತಟ್ಟೆಯಲ್ಲಿ ಗೆರೆಯುದ್ದಕ್ಕೂ ಕೆನೆಬಣ್ಣದ ಚುಕ್ಕೆಗಳು ಎದ್ದಿದ್ದವು. ಚಿಕ್ಕಪ್ಪನ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು. ಉಳಿದವುಗಳಲ್ಲಿ ಏನೂ ಇರಲಿಲ್ಲ, ತೊಳೆದಿಟ್ಟಷ್ಟು ಶುಭ್ರ. ಅತ್ತಿಗೆಯ ತಟ್ಟೆಯನ್ನು ಅವನು ಎರಡು ಸಲ ತಿರುಗಿಸಿ ನೋಡಿದ, ಇನ್ನೊಂದು ದಿನ ನೋಡಿದರೂ ಇಷ್ಟೇ ಅಂದ. ಅತ್ತಿಗೆ ಅಂಚಿನಲ್ಲಿದ್ದಳು, ಚೀಲಕ್ಕೆ ಎಲ್ಲರಿಗಿಂತ ಕೊನೆಗೆ ಹಾಕಿದ್ದು ಅವಳನ್ನೇ ಎಂದೂ ಹೇಳಿದ. ಅವನ ದನಿಯಲ್ಲಿ ದೂರು ಇರಲಿಲ್ಲ. ನಾದಿನಿಯೂ ಕೆಟ್ಟವಳಲ್ಲ, ನಲವತ್ತನಾಲ್ಕು ತಲುಪಿದ್ದಳು, ಚೆನ್ನಾಗಿ ನೋಡಿಕೊಂಡರೆ ಮೇಲೆ ಬರುತ್ತಾಳೆ ಎಂದು ಅವಳನ್ನೇ ಸಮಾಧಾನಪಡಿಸುವವನಂತೆ ಹೇಳಿದ.

"ಹೋಗ್ಲಿ ಬಿಡು. ನಿಂಗೆ ಗೊತ್ತಾಗಿದ್ದೇ ಆವಾಗ. ಇನ್ನೇನು ಮಾಡ್ತಿದ್ದೆ ಹೇಳು."

ಹೌದು ಎಂದು ತಲೆಯಾಡಿಸಿದರೆ ಸಾಕಿತ್ತು. ತಲೆಯೂ ಆಡಿಸಬೇಕಾಗಿರಲಿಲ್ಲ, ಸುಮ್ಮನಿದ್ದರೂ ನಡೆಯುತ್ತಿತ್ತು. ಮೇಷ್ಟ್ರು, ಸ್ಟೋರಿನಾಕೆ, ಟೀ ಕುಡಿದವರೆಲ್ಲ ಈಗಾಗಲೇ ಒಪ್ಪಿ ಮುಗಿಸಿದ್ದ ಮಾತು ಅದು. ಅವಳಿಗೆ ನಿಜಕ್ಕೂ ಭಯವಾಯಿತು, ಮೊನ್ನೆ ಬೆಳಿಗ್ಗೆಗಿಂತ ಹೆಚ್ಚು ಭಯ. ಆವತ್ತು ಹೋಗುತ್ತಿದ್ದದ್ದು ಒಂದು ಅಂಕಿ, ಇವತ್ತು ಎದುರಿಗಿರುವುದು ಈ ಮನುಷ್ಯನ ಮುಖ.

"ಆವಾಗ ಅಲ್ಲ ಉದ್ದಣ್ಣ. ಬೆಳಿಗ್ಗೇನೇ ಗೊತ್ತಿತ್ತು. ನೀವು ಕರೆಯೋಕೆ ಬಂದಾಗ ಆ ತಟ್ಟೆ ನನ್ನ ಮುಂದೇನೇ ಇತ್ತು, ಮುಚ್ಚಿಟ್ಟೆ."

ಅವನು ಅತ್ತಿಗೆಯ ತಟ್ಟೆಯನ್ನು ಕೆಳಗಿಟ್ಟ. ಏನೋ ತಮಾಷೆ ಮಾಡುತ್ತಾನೆಂದು ಅವಳು ಕಾದಳು. ತಮಾಷೆ ಬರಲಿಲ್ಲ.

"ಫ್ರೀಜರಿಂದ ತೆಗೆಯುವಾಗ ಡಬ್ಬಿ ನೀನೇ ಹಿಡ್ಕೊಂಡಿದ್ದೆ."

"ಹೌದು."

"ಹಾಗಾದ್ರೆ ಅತ್ತಿಗೆ ಬದುಕಿರ್ತಿದ್ಳು."

ಸಿಟ್ಟಿನಿಂದ ಅಂದದ್ದಲ್ಲ, ಅಳತೆಯೊಂದನ್ನು ಗಟ್ಟಿಯಾಗಿ ಓದಿದಷ್ಟೇ. ಅವಳು ಹೌದು ಎಂದು ಇನ್ನೊಮ್ಮೆ ಹೇಳಿದಳು. ಅವನು ಸತ್ತ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು, ಬಾಗಿಲಲ್ಲಿ ತಲೆ ತಗ್ಗಿಸಿ ಹೊರಗೆ ಹೋದ. ನಾದಿನಿಯನ್ನೂ ಚಿಕ್ಕಪ್ಪನನ್ನೂ ಅವಳ ಮುಂದೆ ಬಿಟ್ಟುಹೋಗಿದ್ದ, ನಂಬಿಕೆಯಿಂದಲೋ ಮರೆತೋ ಅವಳಿಗೆ ತಿಳಿಯಲಿಲ್ಲ. ಅವುಗಳನ್ನು ಒಳಗಿಟ್ಟು ಬಾಗಿಲು ಮುಚ್ಚಿ, ಸರಿಯಾಗಿ ಮುಚ್ಚಿದೆಯೇ ಎಂದು ಕೈಯಿಂದ ಒತ್ತಿ ನೋಡಿದಳು.